ಹನ್ನೊಂದು ಗಾಡಿ, ಒಂದೇ ರಾತ್ರಿ: ಎಲ್ಲರೂ ಸೇರಿ ದೂರು ಕೊಡೋಣ

ಮನೆ 27, ಸಂಘದ ಕಾರ್ಯದರ್ಶಿ (ಭಾನುವಾರ, ಬೆಳಗ್ಗೆ 7.20)

ಎಲ್ಲರಿಗೂ ನಮಸ್ಕಾರ. ಹಾಲು ತರಲು ಹೊರಗೆ ಬಂದಾಗ ನೋಡಿದೆ, ಇನ್ನೂ ಕೈ ನಡುಗುತ್ತಿದೆ. 3 ಮತ್ತು 4ನೇ ಅಡ್ಡರಸ್ತೆಯಲ್ಲಿ ರಾತ್ರಿ ಯಾರೋ ಗಾಡಿಗಳನ್ನು ಹಾಳು ಮಾಡಿ ಹೋಗಿದ್ದಾರೆ. ನಾನು ಎಣಿಸಿದ್ದು ಹನ್ನೊಂದು. ಆರು ಸ್ಕೂಟರ್‌ಗಳ ಸೀಟು ಕೊಯ್ದಿದ್ದಾರೆ. ಮೂರು ಕಾರುಗಳ ಮೈಮೇಲೆ ಮೊಳೆಯಲ್ಲಿ ಎಳೆದ ಹಾಗೆ ಗೀರಿದೆ. ಅದರಲ್ಲಿ ಒಂದರ ಹಿಂದಿನ ಗಾಜು ಪುಡಿ. 40ನೇ ಮನೆ ಅಣ್ಣನ ಆಟೋ ಟಾಪ್ ಹರಿದು ಜೋತಾಡುತ್ತಿದೆ. ಹೂವಿನಮ್ಮನ ತಳ್ಳುಗಾಡಿಯ ಟಾರ್ಪಾಲನ್ನೂ ಬಿಟ್ಟಿಲ್ಲ. ಪಾರ್ಕಿನಲ್ಲಿ ನಾವು ಮಳೆಗಾಲದಲ್ಲಿ ನೆಟ್ಟ ಹೊಂಗೆ ಸಸಿಗಳನ್ನು ಮುರಿದಿದ್ದಾರೆ, ನಲ್ಲಿಯನ್ನೂ ಮುರಿದಿದ್ದಾರೆ.

ಯಾರ ಯಾರ ಗಾಡಿಗೆ ಏನಾಗಿದೆ ಅಂತ ಇಲ್ಲೇ ಬರೆಯಿರಿ. ದಯವಿಟ್ಟು ಯಾರೂ ಇನ್ನೂ ರಿಪೇರಿಗೆ ಒಯ್ಯಬೇಡಿ. ಒಡೆದ ಗಾಜನ್ನೂ ಗುಡಿಸಬೇಡಿ.

ಮನೆ 19 (7.41)

ಗಾಜು ಹೋಗಿರುವುದು ನಮ್ಮ ಕಾರಿನದು. ತಗೊಂಡು ಎಂಟು ತಿಂಗಳಾಗಿಲ್ಲ. ಎಡಗಡೆ ಎರಡೂ ಬಾಗಿಲ ಮೇಲೆ ಗೀರು. ಶೋರೂಮಿನಲ್ಲಿ ಪರಿಚಯದವರಿಗೆ ಫೋಟೋ ಕಳಿಸಿದೆ, ಗಾಜು ಮತ್ತು ಪೇಂಟ್ ಸೇರಿ 62,000 ಆಗಬಹುದು ಅಂದರು.

ಮನೆ 12, 3ನೇ ಅಡ್ಡರಸ್ತೆ (7.48)

ನಮ್ಮ ಮನೆಯವರ ಸ್ಕೂಟರ್ ಸೀಟೂ ಹೋಗಿದೆ. ಹಳೇ ಗಾಡಿ, 900 ರೂಪಾಯಿ ಕೆಲಸ. ನನ್ನದು ಲೆಕ್ಕಕ್ಕೆ ಬೇಡ ಬಿಡಮ್ಮ. ಜಾಸ್ತಿ ನಷ್ಟ ಆದವರದ್ದು ಮೊದಲು ನೋಡಿ.

ಮನೆ 40 (8.30)

ಅಕ್ಕಾ, ನನ್ನ ಆಟೋ ಟಾಪ್ ಹೊಲಿಸೋಕೆ ಬರಲ್ಲವಂತೆ. ಹೊಸದೇ ಹಾಕಿಸಬೇಕು, 7,500 ಹೇಳಿದ್ದಾರೆ. ಎರಡು ದಿನ ಗಾಡಿ ಓಡಿಸೋ ಹಾಗಿಲ್ಲ. ನಾಳೆ ಬೆಳಗ್ಗೆ ಸ್ಕೂಲ್ ಮಕ್ಕಳ ಬಾಡಿಗೆ ಇದೆ. ಬೇರೆ ಆಟೋ ಹೇಳಿದ್ದೇನೆ.

ನಾನು ಆಗಲೇ ಸ್ಟೇಷನ್‌ಗೆ ಹೋಗಿ ಬಂದೆ. ಎಷ್ಟು ನಷ್ಟ ಅಂತ ಕೇಳಿದರು, ಹೇಳಿದೆ. "ಇದು ಎನ್‌ಸಿ ಆಗುತ್ತೆ, ಬರೆದಿಟ್ಟುಕೊಳ್ಳುತ್ತೇವೆ" ಅಂದರು. ಹಾಗಂದರೆ ಹುಡುಕಲ್ಲ ಅಂತಾನಾ? ಯಾರಿಗಾದರೂ ಗೊತ್ತಾ?

ಮನೆ 8 (8.36)

ಹುಡುಕೋದು ಏನಿದೆ ಅಣ್ಣಾ. ಹಿಂದಿನ ರಸ್ತೆಯ ಪಿಜಿ ಹುಡುಗರೇ ಇರಬೇಕು. ರಾತ್ರಿ ಹನ್ನೆರಡರವರೆಗೂ ಅಲ್ಲೇ ನಿಂತಿರುತ್ತಾರೆ. ನಾಲ್ಕು ಜನ ಹೋಗಿ ಎರಡು ಬಾರಿಸಿದರೆ ಬಾಯಿ ಬಿಡ್ತಾರೆ.

ಮನೆ 27, ಕಾರ್ಯದರ್ಶಿ (8.40)

ಬೇಡಪ್ಪ. ಯಾರ ಕಡೆಗೂ ಬೆರಳು ತೋರಿಸಬೇಡ. ನೋಡಿದವರು ಒಬ್ಬರೂ ಇಲ್ಲ. 33ನೇ ಮನೆ ವಕೀಲರಿಗೆ ಫೋನ್ ಮಾಡಿದ್ದೇನೆ. ಅವರು ಬರೆಯುತ್ತಾರೆ.

ಮನೆ 33 (9.15)

ನಮಸ್ಕಾರ. ಆಟೋ ಅಣ್ಣ ಕೇಳಿದ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಎಲ್ಲ ಅದರ ಮೇಲೇ ನಿಂತಿದೆ.

ಬೇರೆಯವರ ಆಸ್ತಿಯನ್ನು ಬೇಕೆಂದೇ ಹಾಳು ಮಾಡುವುದಕ್ಕೆ ಕಾನೂನಿನಲ್ಲಿ ಮಿಸ್ಚೀಫ್ ಅಂತಾರೆ. ಪದ ಕೇಳಿದರೆ ಮಕ್ಕಳ ತುಂಟತನ ಅನ್ನಿಸುತ್ತೆ, ಅದಲ್ಲ. ಮೊದಲು ಐಪಿಸಿ 425ರಿಂದ ಮುಂದಕ್ಕೆ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 324ನೇ ಸೆಕ್ಷನ್. ನಷ್ಟ ಮಾಡಬೇಕು ಅನ್ನುವ ಉದ್ದೇಶ ಇರಬೇಕು, ಇಲ್ಲವೇ ಹೀಗೆ ಮಾಡಿದರೆ ನಷ್ಟ ಆಗುತ್ತದೆ ಅನ್ನುವ ಅರಿವಾದರೂ ಇರಬೇಕು. ಮಕ್ಕಳು ಕ್ರಿಕೆಟ್ ಆಡುವಾಗ ಚೆಂಡು ತಗುಲಿ ಕಿಟಕಿ ಗಾಜು ಹೋದರೆ ಇದು ಬರುವುದಿಲ್ಲ. ವಸ್ತು ಪೂರ್ತಿ ನಾಶ ಆಗಬೇಕು ಅಂತಲೂ ಇಲ್ಲ. ಅದರ ಬೆಲೆಯೋ ಉಪಯೋಗವೋ ಕಡಿಮೆಯಾದರೆ ಸಾಕು. ಪಕ್ಕದವನ ಬೆಳೆ ಹಾಳಾಗಲಿ ಅಂತ ಹೊಲಕ್ಕೆ ದನ ನುಗ್ಗಿಸಿದರೂ ಇದೇ ಅಪರಾಧ. ಆ ಉದಾಹರಣೆ ಸೆಕ್ಷನ್ನಿನಲ್ಲೇ ಇದೆ. ಒಬ್ಬರ ಮೇಲಿನ ಸಿಟ್ಟಿಗೆ ಇನ್ನೊಬ್ಬರ ಗಾಡಿ ಕೆಡಿಸಿದರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಇನ್ನು ಶಿಕ್ಷೆ. ಅದು ನಷ್ಟದ ಮೊತ್ತದ ಮೇಲೆ ಹೋಗುತ್ತದೆ. 20,000ಕ್ಕಿಂತ ಕಡಿಮೆ ಇದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 20,000ದಿಂದ ಒಂದು ಲಕ್ಷದ ಒಳಗೆ ಇದ್ದರೆ 2 ವರ್ಷದವರೆಗೆ. ಒಂದು ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ 5 ವರ್ಷದವರೆಗೆ. ಸರ್ಕಾರದ ಅಥವಾ ಪಾಲಿಕೆಯ ಆಸ್ತಿಯಾದರೆ ಮೊತ್ತ ಸಣ್ಣದಿದ್ದರೂ 1 ವರ್ಷದವರೆಗೆ.

ಒಂದು ಲಕ್ಷ ಮುಟ್ಟಿದರೆ ಮಾತ್ರ ಇದು ಸಂಜ್ಞೇಯ ಅಪರಾಧ. ಅಂದರೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಮಾಡಿ ತನಿಖೆ ಶುರು ಮಾಡಬಹುದು. ಅದಕ್ಕಿಂತ ಕಡಿಮೆ ಇದ್ದರೆ ಅಸಂಜ್ಞೇಯ. ಅದನ್ನೇ ಸ್ಟೇಷನ್‌ನಲ್ಲಿ ಎನ್‌ಸಿ ಅನ್ನುತ್ತಾರೆ. ಪುಸ್ತಕದಲ್ಲಿ ಬರೆದುಕೊಂಡು ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಿ ಅಂತ ಹೇಳುತ್ತಾರೆ. ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆ ಮಾಡುವ ಹಾಗಿಲ್ಲ. ಅನುಮತಿ ಕೊಡುವಾಗ ಬರೀ ಒಂದು ಪದ ಬರೆದರೆ ಸಾಲದು, ಯೋಚಿಸಿ ಆದೇಶ ಮಾಡಬೇಕು ಅಂತ ನಮ್ಮ ಹೈಕೋರ್ಟ್ ಹೇಳಿದೆ. ಆ ಹೆಜ್ಜೆ ತಪ್ಪಿದ ಕೇಸುಗಳು ರದ್ದಾಗಿವೆ. ಹಾಗಾಗಿ ಅಣ್ಣಾ, ಅವರು ಹೇಳಿದ್ದರಲ್ಲಿ ಕಾನೂನು ತಪ್ಪಿಲ್ಲ. ಆದರೆ ದೂರಿಗೆ ನಂಬರ್ ಇರುವ ಸ್ವೀಕೃತಿ ಕೊಡಬೇಕಿತ್ತು. ಅದನ್ನು ಕೇಳಿ ಪಡೆಯೋಣ.

ನನ್ನ ಮನಸ್ಸಿಗೆ ಬೇಸರ ಆಗುವುದು ಒಂದೇ. ಹಳೇ ಐಪಿಸಿ 427ರಲ್ಲಿ 50 ರೂಪಾಯಿ ನಷ್ಟ ಆದರೂ 2 ವರ್ಷದವರೆಗೆ ಶಿಕ್ಷೆ ಇತ್ತು. 1860ರಲ್ಲಿ 50 ರೂಪಾಯಿ ಅಂದರೆ ದೊಡ್ಡ ದುಡ್ಡು, ಅದನ್ನು ಏರಿಸಬೇಕಿತ್ತು ನಿಜ. ಆದರೆ ಈಗ ಕಾರಿನ ಗೀರು ದೊಡ್ಡ ಅಪರಾಧ, ಆಟೋದ ಟಾಪ್ ಸಣ್ಣ ಅಪರಾಧ. ಕಾರಿನವರು ನಾಳೆ ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಾರೆ. ಆಟೋ ಅಣ್ಣನಿಗೆ ಎರಡು ದಿನದ ಊಟವೇ ಹೋಯಿತು. ಆ ವ್ಯತ್ಯಾಸ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಮನೆ 19 (9.32)

ಮೇಡಂ, ಹಾಗಾದರೆ ಎಲ್ಲರದ್ದೂ ಕೂಡಿಸಿದರೆ ಲಕ್ಷ ದಾಟುತ್ತಲ್ವಾ? ಇಲ್ಲ ಅಂದರೆ ನಮ್ಮ ಕಾರಿನದ್ದೇ ಒಂದು ಲಕ್ಷದ ಎಸ್ಟಿಮೇಟ್ ಬರೆಸಿಕೊಡ್ತೀನಿ. ಶೋರೂಮಿನವರು ಕೊಡ್ತಾರೆ.

ಮನೆ 33 (9.40)

ಎರಡನೆಯದು ಖಂಡಿತ ಬೇಡ. ಸುಳ್ಳು ಮಾಹಿತಿ ಕೊಟ್ಟರೆ ನಮ್ಮ ಮೇಲೇ ಸೆಕ್ಷನ್ 217 ಬರುತ್ತೆ. ನಾಳೆ ಕೋರ್ಟಿನಲ್ಲಿ ಬಿಲ್ ಒಂದು, ಎಸ್ಟಿಮೇಟ್ ಒಂದು ಆದರೆ ಉಳಿದ ಹತ್ತು ಜನರ ಮಾತೂ ಬಿದ್ದುಹೋಗುತ್ತೆ.

ಎಲ್ಲರದ್ದೂ ಕೂಡಿಸಿ ಒಂದೇ ದೂರು ಕೊಡೋಣ. ಒಂದೇ ರಾತ್ರಿ, ಒಂದೇ ಬಡಾವಣೆ, ಒಂದೇ ರೀತಿ. ಇದು ಒಂದೇ ಕೃತ್ಯ ಅಂತ ನಾನು ವಾದ ಮಾಡುತ್ತೇನೆ. ಆದರೆ ಪ್ರತಿ ಗಾಡಿಯೂ ಬೇರೆ ಬೇರೆ ಅಪರಾಧ ಅಂತ ಪೊಲೀಸರು ಹೇಳಬಹುದು. ಅದೊಂದನ್ನೇ ನಂಬಿ ಕೂರುವುದು ಬೇಡ.

ಇನ್ನೊಂದು ವಿಷಯ ಕೇಳಬೇಕು. ಹನ್ನೊಂದು ಗಾಡಿಗಳಲ್ಲಿ ಯಾವುದಾದರೂ ಕಾಂಪೌಂಡ್ ಒಳಗೆ ನಿಂತಿತ್ತಾ?

ಮನೆ 19 (9.44)

ನಮ್ಮದು ರಸ್ತೆಯಲ್ಲಿ.

ಮನೆ 40 (9.45)

ನಂದೂ ರಸ್ತೇಲಿ ಮೇಡಂ.

ಮನೆ 12 (10.02)

ನಮ್ಮ ಸ್ಕೂಟರ್ ಒಳಗೇ ನಿಂತಿತ್ತಮ್ಮ. ತುಳಸಿಕಟ್ಟೆ ಪಕ್ಕ. ಗೇಟಿಗೆ ರಾತ್ರಿ ನಾನೇ ಚಿಲಕ ಹಾಕಿ ಬೀಗ ಹಾಕಿದ್ದೆ. ಬೆಳಗ್ಗೆಯೂ ಬೀಗ ಇತ್ತು. ಗೋಡೆಯ ಮೇಲೆ ಕೆಸರಿನ ಹೆಜ್ಜೆ ಇದೆ. ಯಾಕೆ?

ಮನೆ 33 (10.06)

ಮೇಷ್ಟ್ರೇ, ನಿಮ್ಮ 900 ರೂಪಾಯಿ ಸೀಟೇ ಈಗ ನಮಗೆಲ್ಲ ದಾರಿ. ದಯವಿಟ್ಟು ಆ ಗೋಡೆ ತೊಳೆಯಬೇಡಿ. ಹೆಜ್ಜೆ ಗುರುತಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ.

ಯಾಕೆ ಅಂತ ಹೇಳುತ್ತೇನೆ. ಅಪರಾಧ ಮಾಡುವ ಉದ್ದೇಶದಿಂದ ಇನ್ನೊಬ್ಬರ ಜಾಗಕ್ಕೆ ನುಗ್ಗಿದರೆ ಅದು ಅತಿಕ್ರಮ ಪ್ರವೇಶ, ಸೆಕ್ಷನ್ 329. ಶಿಕ್ಷೆ ಸಣ್ಣದು, 3 ತಿಂಗಳವರೆಗೆ. ಆದರೆ ಅದು ಸಂಜ್ಞೇಯ ಅಪರಾಧ. ಪೊಲೀಸರು, ಕೋರ್ಟು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ನಿನ 4ನೇ ಉಪಕಲಂ ಏನು ಹೇಳುತ್ತದೆ ಅಂದರೆ, ಒಂದು ಕೇಸಿನಲ್ಲಿ ಎರಡು ಅಥವಾ ಹೆಚ್ಚು ಅಪರಾಧಗಳಿದ್ದು ಅದರಲ್ಲಿ ಒಂದಾದರೂ ಸಂಜ್ಞೇಯ ಆಗಿದ್ದರೆ ಇಡೀ ಕೇಸನ್ನೇ ಸಂಜ್ಞೇಯ ಅಂತ ನೋಡಬೇಕು. ಉಳಿದವು ಎನ್‌ಸಿ ಆಗಿದ್ದರೂ ಸರಿ.

ಮೇಷ್ಟ್ರು ದೂರುದಾರರಾಗಲಿ. ನಾವೆಲ್ಲ ಅದರಲ್ಲೇ ನಮ್ಮ ನಷ್ಟ ಬರೆದು ಸಹಿ ಹಾಕೋಣ. ಆಗ ಆಟೋ ಟಾಪೂ ತನಿಖೆಗೆ ಬರುತ್ತೆ.

ಮನೆ 12 (10.15)

ಆಗಲಮ್ಮ. ನಾನೇ ಬರುತ್ತೇನೆ. ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ, ಒಂದು ದಿನವೂ ಸ್ಟೇಷನ್ ಮೆಟ್ಟಿಲು ಹತ್ತಿಲ್ಲ. ಜೊತೆಗೆ ಯಾರಾದರೂ ಬನ್ನಿ.

ಮನೆ 22 (10.38)

ನಮ್ಮ ಗೇಟಿನ ಕ್ಯಾಮೆರಾದಲ್ಲಿ ರಾತ್ರಿ 2.14ಕ್ಕೆ ಇಬ್ಬರು ಕಾಣುತ್ತಾರೆ. ಒಬ್ಬ ಮೇಷ್ಟ್ರ ಗೋಡೆ ಹತ್ತಿದ್ದೂ ಬಿದ್ದಿದೆ. ಮುಖ ಅಷ್ಟು ಸ್ಪಷ್ಟ ಇಲ್ಲ. ಇಲ್ಲಿ ಹಾಕಲಾ?

ಮನೆ 33 (10.41)

ಹಾಕಬೇಡಿ. ವಾಟ್ಸಾಪಿನಲ್ಲಿ ಕಳಿಸಿದರೆ ವಿಡಿಯೋ ಕುಗ್ಗುತ್ತದೆ, ಮೂಲ ಫೈಲ್ ಉಳಿಯುವುದಿಲ್ಲ. ಡಿವಿಆರ್‌ನಿಂದ (ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆ) ನೇರವಾಗಿ ಪೆನ್‌ಡ್ರೈವ್‌ಗೆ ಇಳಿಸಿ, ಎರಡು ಪ್ರತಿ. ರಾತ್ರಿ 1ರಿಂದ 4ರವರೆಗೆ ಪೂರ್ತಿ ಇಳಿಸಿ, ಆ ಇಬ್ಬರು ಕಾಣುವ ತುಣುಕನ್ನಷ್ಟೇ ಕತ್ತರಿಸಿ ಕೊಡಬೇಡಿ. ಡಿವಿಆರ್‌ನ ಗಡಿಯಾರ ಸರಿಯಿದೆಯಾ, ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಅಂತ ಚೀಟಿಯಲ್ಲಿ ಬರೆದಿಡಿ. ಕೋರ್ಟಿನಲ್ಲಿ ಇದು ನಿಲ್ಲಬೇಕು ಅಂದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಅದರ ನಮೂನೆ ನಾನು ತರುತ್ತೇನೆ, ನೀವು ಸಹಿ ಹಾಕಿದರೆ ಸಾಕು. ತಜ್ಞರ ಭಾಗ ಬೇರೆ ಇದೆ, ಅದು ಆಮೇಲೆ.

ಬೇರೆ ಯಾರ ಮನೆಯಲ್ಲಿ ಕ್ಯಾಮೆರಾ ಇದೆಯೋ ಇವತ್ತೇ ಇಳಿಸಿಕೊಳ್ಳಿ. ಹಾರ್ಡ್‌ಡಿಸ್ಕ್ ತುಂಬಿದರೆ ಹಳೆಯದರ ಮೇಲೇ ಹೊಸದು ಬರೆಯುತ್ತೆ.

ಮನೆ 8 (11.20)

22ರ ಅಣ್ಣ ನನಗೆ ತೋರಿಸಿದರು. ಪಿಜಿ ಹುಡುಗರಲ್ಲ. ನಾನು ಹಾಗೆ ಹೇಳಿದ್ದು ತಪ್ಪು. ಅವರಿಗೆ ಕೇಳಿಸಿಲ್ಲದಿದ್ದರೂ ಇಲ್ಲಿ ಎಲ್ಲರ ಮುಂದೆ ಕ್ಷಮೆ ಕೇಳುತ್ತೇನೆ.

ಆದರೆ ಒಬ್ಬನ ನಡಿಗೆ ನೋಡಿದರೆ ನಮ್ಮ ಬಡಾವಣೆಯವನೇ ಅನ್ನಿಸುತ್ತೆ. ಹೈಸ್ಕೂಲ್ ಹುಡುಗನ ಹಾಗಿದ್ದಾನೆ. ಸ್ಕ್ರೀನ್‌ಶಾಟ್ ಹಾಕಿದರೆ ಯಾರಾದರೂ ಗುರುತಿಸಬಹುದು.

ಮನೆ 33 (11.24)

ಸ್ಕ್ರೀನ್‌ಶಾಟ್ ಬೇಡ, ಹೆಸರೂ ಬೇಡ. ಅವನು 18ರ ಒಳಗಿನವನಾಗಿದ್ದರೆ ಅವನ ಗುರುತು ಹೊರಗೆ ಬಿಡುವುದೇ ಅಪರಾಧ. ಬಾಲ ನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್. 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅವನಲ್ಲದಿದ್ದರೆ ಮಾನನಷ್ಟ. ಎರಡೂ ಕಡೆ ನಾವೇ ಸಿಕ್ಕಿಬೀಳುತ್ತೇವೆ.

ಮಗುವಾಗಿದ್ದರೆ ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಇಂಥ ಸಣ್ಣ ಅಪರಾಧಕ್ಕೆ ಮಗುವಿನ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ದೊಡ್ಡವರು ಜೊತೆಗಿದ್ದರೆ ಮಾತು ಬೇರೆ. ವಿಡಿಯೋದಲ್ಲಿ ಇಬ್ಬರಿದ್ದಾರೆ, ಇನ್ನೊಬ್ಬ ಯಾರು ಅಂತ ನಮಗೆ ಗೊತ್ತಿಲ್ಲ. ಆದ್ದರಿಂದ ದೂರಿನಲ್ಲಿ "ಅಪರಿಚಿತ ಇಬ್ಬರು" ಅಂತ ಮಾತ್ರ ಬರೆಯೋಣ. ಎಫ್‌ಐಆರ್‌ಗೆ ಹೆಸರು ಬೇಕು ಅಂತ ಏನೂ ಇಲ್ಲ.

ಬಾರಿಸುವ ವಿಷಯ ಬೆಳಗ್ಗೆ ಬಂದಿತ್ತು. ಹಾಳು ಮಾಡುತ್ತಿರುವಾಗಲೇ ಕಂಡರೆ ತಡೆಯುವ ಹಕ್ಕು ನಮಗೆ ಇದೆ, ಎಷ್ಟು ಬೇಕೋ ಅಷ್ಟು ಮಾತ್ರ. ಮಾರನೇ ದಿನ ಹೋಗಿ ಹೊಡೆದರೆ ಅದು ನ್ಯಾಯ ಸಂಹಿತೆಯ ಸೆಕ್ಷನ್ 115, 1 ವರ್ಷದವರೆಗೆ. ಆಗ ನಾವು ಆರೋಪಿಗಳು.

ಮನೆ 12 (11.31)

ಯಾರ ಮನೆ ಮಗುವೇ ಆಗಲಿ, ಅವನ ಅಪ್ಪ ಅಮ್ಮ ಈ ಗುಂಪಿನಲ್ಲೇ ಇರಬಹುದು. ಅವರಿಗೆ ಒಂದು ಮಾತು. ನನ್ನ ಮನೆ ಬಾಗಿಲು ತೆರೆದಿದೆ. ಬಂದು ಮಾತಾಡಿ. ನನಗೆ ಆ ಹುಡುಗನ ಮೇಲೆ ಹಗೆ ಇಲ್ಲ.

ಮನೆ 33 (11.35)

ಮೇಷ್ಟ್ರು ಹೇಳಿದ್ದಕ್ಕೆ ಕಾನೂನಿನಲ್ಲೂ ಜಾಗ ಇದೆ. ನಷ್ಟ ಖಾಸಗಿಯವರಿಗೆ ಮಾತ್ರ ಆಗಿದ್ದರೆ, ಒಂದು ಲಕ್ಷದ ಒಳಗಿನ ಇಂಥ ಕೇಸನ್ನು ನಷ್ಟ ಆದವರು ರಾಜಿ ಮಾಡಿಕೊಳ್ಳಬಹುದು. ಲೋಕ ಅದಾಲತ್‌ನಲ್ಲಿಯೂ ಆಗುತ್ತೆ. ದಂಡದ ಹಣದಲ್ಲಿ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವೂ ಇದೆ. ಆದರೆ ರಾಜಿಗೂ ಮೊದಲು ದಾಖಲೆ ಬೇಕು. ದೂರು ಇಲ್ಲದೆ ಮಾಡಿಕೊಂಡ ರಾಜಿ ಗಾಳಿಯಲ್ಲಿ ಬರೆದ ಹಾಗೆ.

ಮನೆ 5 (11.52)

ಎಲ್ಲರೂ ಇದ್ದೀರಿ, ನಾನೂ ಒಂದು ಹೇಳಿಬಿಡುತ್ತೇನೆ. ಹೋದ ತಿಂಗಳು ನಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ದ ಕಾರಿನ ಎರಡು ಟೈರಿನ ಗಾಳಿ ಬಿಟ್ಟಿದ್ದು ನಾನೇ. ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು, ಅರ್ಧ ಗಂಟೆ ಕಾದೆ. ವಕೀಲ ಮೇಡಂ, ಅದೂ ಇದರಲ್ಲಿ ಬರುತ್ತಾ?

ಮನೆ 33 (11.58)

ಬರಬಹುದು ಸಾರ್. ಉಪಯೋಗ ಕಡಿಮೆ ಮಾಡುವುದೂ ಆ ವ್ಯಾಖ್ಯೆಯಲ್ಲಿ ಇದೆ ಅಂತ ಬೆಳಗ್ಗೆ ಬರೆದೆನಲ್ಲ. ಯಾರೂ ದೂರು ಹೇಳದಷ್ಟು ಸಣ್ಣ ತೊಂದರೆಯನ್ನು ಕಾನೂನು ಬಿಟ್ಟುಬಿಡುತ್ತದೆ. ಆದರೆ ಎರಡು ಟೈರ್ ಅಷ್ಟು ಸಣ್ಣದು ಅಂತ ಕಾರಿನವರು ಒಪ್ಪಬೇಕಲ್ಲ. ಗೇಟಿಗೆ ಅಡ್ಡ ನಿಲ್ಲಿಸಿದರೆ 112ಕ್ಕೆ ಅಥವಾ ಟ್ರಾಫಿಕ್ ಪೊಲೀಸರಿಗೆ ಫೋನ್ ಮಾಡಿ.

ಮನೆ 31 (12.05)

ಆ ಕಾರು ನಮ್ಮ ಭಾವನದು. ನಿಮ್ಮ ಅಮ್ಮನ ವಿಷಯ ನಮಗೆ ಗೊತ್ತಿರಲಿಲ್ಲ. ಇನ್ನು ಅಲ್ಲಿ ನಿಲ್ಲಿಸುವುದಿಲ್ಲ. ಮುಗಿಯಿತು ಬಿಡಿ.

ನಾನು ವಿಮೆ ಕೆಲಸದಲ್ಲಿ ಇರುವುದರಿಂದ ಒಂದಿಷ್ಟು ಹೇಳುತ್ತೇನೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಇದಕ್ಕೆ ಏನೂ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಇದ್ದರೆ, ಬೇರೆಯವರು ಬೇಕೆಂದು ಮಾಡಿದ ಹಾನಿಗೂ ಕ್ಲೇಮ್ ಇದೆ. ಇವತ್ತೇ ಕಂಪನಿಗೆ ತಿಳಿಸಿ, ದೂರಿನ ಪ್ರತಿ ಕೊಡಿ, ಸರ್ವೇಯರ್ ನೋಡುವವರೆಗೆ ರಿಪೇರಿ ಮಾಡಿಸಬೇಡಿ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಬೆಲೆ ಕಳೆಯುತ್ತಾರೆ. ಟೈರ್ ಮಾತ್ರ ಹಾಳಾಗಿದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ, ಅದೇ ಸಮಯಕ್ಕೆ ಗಾಡಿಯ ಬೇರೆ ಭಾಗವೂ ಹಾಳಾಗಿರಬೇಕು. 900 ರೂಪಾಯಿ ಸೀಟಿಗೆ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಹೋಗುತ್ತೆ, ಲೆಕ್ಕ ನೋಡಿ ಮಾಡಿ.

ಮನೆ 27, ಕಾರ್ಯದರ್ಶಿ (12.30)

ಪಾರ್ಕಿನ ವಿಷಯ ಯಾರೂ ಮಾತಾಡಿಲ್ಲ. ನಲ್ಲಿ ಪಾಲಿಕೆಯದು. ಅದಕ್ಕೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆಯೂ ಬರುತ್ತೆ, 5 ವರ್ಷದವರೆಗೆ ಶಿಕ್ಷೆ ಇದೆ ಅಂತ ವಕೀಲರು ಫೋನಿನಲ್ಲಿ ಹೇಳಿದರು. ಅದನ್ನು ನಾವು ರಾಜಿ ಮಾಡಿಕೊಳ್ಳಲು ಆಗುವುದಿಲ್ಲ, ಅದು ನಮ್ಮೊಬ್ಬರ ಸ್ವತ್ತಲ್ಲ. ವಲಯ ಕಚೇರಿಗೆ ನಾಳೆ ಪತ್ರ ಕೊಡುತ್ತೇನೆ.

ಈಗ ಇವತ್ತಿನ ಕೆಲಸ. ಸಂಜೆ 5ಕ್ಕೆ ಗಣಪತಿ ದೇವಸ್ಥಾನದ ಮುಂದೆ ಸೇರೋಣ. ಅಲ್ಲಿಂದ ಒಟ್ಟಿಗೆ ಸ್ಟೇಷನ್‌ಗೆ ಹೋಗೋಣ. ಹತ್ತು ಜನ ಸಾಕು, ಗಲಾಟೆ ಬೇಡ, ಘೋಷಣೆ ಬೇಡ. ಗಾಡಿ ಹಾಳಾದವರು ಆರ್‌ಸಿ ಪ್ರತಿ, ಫೋಟೋ ಮತ್ತು ಗ್ಯಾರೇಜಿನವರು ಚೀಟಿಯಲ್ಲಿ ಬರೆದುಕೊಟ್ಟ ಅಂದಾಜು ತನ್ನಿ. ಬಾಯಿಮಾತಿನ ಮೊತ್ತ ಬೇಡ. ಹೂವಿನಮ್ಮ ಈ ಗುಂಪಿನಲ್ಲಿಲ್ಲ. ಅವರ ಟಾರ್ಪಾಲಿಗೆ 450 ರೂಪಾಯಿ. ಅವರದ್ದನ್ನು ನಾನೇ ಬರೆದು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೇನೆ. "ನಮ್ದೆಲ್ಲ ಯಾಕವ್ವ" ಅಂದರು. ನಿಮ್ಮದೂ ಇರಲೇಬೇಕು ಅಂದೆ.

ಮನೆ 40 (12.44)

ಅಕ್ಕಾ, ನಾನೂ ಬರ್ತೀನಿ. ಬೆಳಗ್ಗೆ ಒಬ್ಬನೇ ಹೋದಾಗ ಮಾತೇ ಬರಲಿಲ್ಲ.

ಮನೆ 19 (12.50)

ಎಸ್ಟಿಮೇಟ್ ಸರಿಯಾದ್ದೇ ತರ್ತೀನಿ. ಮೇಷ್ಟ್ರನ್ನು ನಾನು ಕರ್ಕೊಂಡು ಬರ್ತೀನಿ, ಅಮ್ಮಾವ್ರ ಸ್ಕೂಟರ್ ಬೇಡ.

ಮನೆ 27, ಕಾರ್ಯದರ್ಶಿ (ರಾತ್ರಿ 9.10)

ಹದಿನಾಲ್ಕು ಜನ ಬಂದಿದ್ದಿರಿ, ಎಲ್ಲರಿಗೂ ಕೈ ಮುಗಿಯುತ್ತೇನೆ. ಮೊದಲು ಎನ್‌ಸಿ ಅಂತಲೇ ಶುರುವಾಯಿತು. ವಕೀಲರು 329 ಮತ್ತು 174(4) ತೋರಿಸಿದರು. ಮೇಷ್ಟ್ರು ಗೋಡೆಯ ಹೆಜ್ಜೆಯ ಫೋಟೋ ಮೇಜಿನ ಮೇಲೆ ಇಟ್ಟರು. ಎಸ್‌ಐ ಪೂರ್ತಿ ಓದಿದರು. ಎಫ್‌ಐಆರ್ ಆಗಿದೆ. ಪ್ರತಿ ಉಚಿತವಾಗಿ ಕೊಟ್ಟರು, ನನ್ನ ಹತ್ತಿರ ಇದೆ. ಹನ್ನೊಂದು ಗಾಡಿಗಳ ಪಟ್ಟಿಯೂ ಅದರಲ್ಲಿದೆ, ತಳ್ಳುಗಾಡಿ ಸೇರಿ.

ಬೆಳಗ್ಗೆ 8ಕ್ಕೆ ಸ್ಥಳ ಮಹಜರಿಗೆ ಬರುತ್ತಾರೆ. ಪಂಚರಾಗಿ, ಅಂದರೆ ಮಹಜರಿಗೆ ಸಾಕ್ಷಿಗಳಾಗಿ, ಸಹಿ ಹಾಕಲು ಗಾಡಿ ಹಾಳಾಗದ ಇಬ್ಬರು ಬೇಕು, ಈಗಲೇ ಹೆಸರು ಕೊಡಿ. ಅಲ್ಲಿಯವರೆಗೆ ಯಾರೂ ಗಾಡಿ ಜರುಗಿಸಬೇಡಿ. ಆಟೋವನ್ನು ಮೊದಲು ನೋಡಿ ಬಿಟ್ಟುಕೊಡಿ ಅಂತ ಕೇಳಿದ್ದೇನೆ, ಒಪ್ಪಿದ್ದಾರೆ. 9ಕ್ಕೆಲ್ಲ ಅಣ್ಣ ಟಾಪ್ ಹಾಕಿಸಲು ಹೋಗಬಹುದು.

ಮನೆ 5 (9.14)

ಪಂಚರಲ್ಲಿ ಒಬ್ಬನಾಗಿ ನನ್ನ ಹೆಸರು ಬರೆದುಕೊಳ್ಳಿ.

ಮನೆ 8 (9.15)

ಇನ್ನೊಂದು ನನ್ನದು ಅಕ್ಕ. ಟಾಪ್ ಹಾಕುವವರು ಮುಂಗಡ ಕೇಳಿದರೆ ಅಣ್ಣ ನನಗೆ ಫೋನ್ ಮಾಡಲಿ.